3.55ರ ಕ್ರೌನ್-ಪಿನಿಯನ್

ಫೆಬ್ರವರಿ 16, ಭಾನುವಾರ. ರಾಣೇಬೆನ್ನೂರು

ವಾರದಿಂದ ತಲೆ ತಿನ್ನುತ್ತಿದ್ದ ಜಗಳ ಇವತ್ತು ಮುಗಿಯಿತು. ನೇರ ದಾರಿಯ ರೇಸಿಗೆಂದು ಕಟ್ಟಿದ ನನ್ನ ಡ್ರ್ಯಾಗ್ ಕಾರಿನ ಹಿಂದಿನ ಆಕ್ಸಲ್‌ಗೆ ಹೆಚ್ಚು ಎಳೆತದ 4.10 ಗೇರೇ, ಅಂದರೆ ಆ ಅನುಪಾತದ ಕ್ರೌನ್-ಪಿನಿಯನ್ ಹಲ್ಲುಚಕ್ರದ ಜೋಡಿಯೇ, ಬೇಕೆಂದು ಅಬ್ಬಾ ಹಟ ಹಿಡಿದಿದ್ದರು. ನಲವತ್ತು ವರ್ಷ ಬ್ಯಾಡಗಿಯ ಮೆಣಸಿನಕಾಯಿ ಲಾರಿಗಳ ಆಕ್ಸಲ್ ಬಿಚ್ಚಿದವರು. ಅವರ ಪ್ರಕಾರ ಗಾಡಿ ಎಂದರೆ ಲೋಡು ಎಳೆಯಲೇಬೇಕು.

ಬೆಳಿಗ್ಗೆ ಅಗಡಿ ಕಡೆಯ ಟ್ರ್ಯಾಕಿನಲ್ಲಿ ಅವರ ಮಾತಿನಂತೆಯೇ ಓಡಿಸಿದೆ. ಇಂಜಿನ್ನಿಗೆ ಹೆಚ್ಚಿನ ಬಲ ಕೊಡುವ ನೈಟ್ರಸ್ ಗ್ಯಾಸ್ ಬಿಟ್ಟೊಡನೆ ಟೈರುಗಳು ನಿಂತಲ್ಲೇ ತಿರುಗಿದವು. ಕೊನೆಯ ಗೆರೆ ಇನ್ನೂ ದೂರವಿರುವಾಗಲೇ ಇಂಜಿನ್ನಿನ ಉಸಿರು ಮುಗಿದಿತ್ತು. 13.2 ಸೆಕೆಂಡು.

"ಅಬ್ಬಾ, ಎಳಿಯೋ ತಾಕತ್ತು ಗ್ಯಾಸಿನಾಗ ಐತ್ರಿ. ಗೇರು ಓಡಾಕ ಬಿಟ್ರ ಸಾಕು," ಎಂದು ಡಿಕ್ಕಿಯಲ್ಲಿ ಮುಚ್ಚಿಟ್ಟು ತಂದಿದ್ದ, ಎಳೆತ ಕಡಿಮೆ ಓಟ ಹೆಚ್ಚಿನ 3.55ರ ಜೋಡಿ ತೋರಿಸಿದೆ.

ಅಬ್ಬಾ ನನ್ನನ್ನೇ ದಿಟ್ಟಿಸಿದರು. "ನನಗ ಹೇಳದ ತಂದೀಯೇನ ಶಬನಮ್? ಆತು, ಜಾಕ್ ಹಚ್ಚು."

ಮೂರು ತಾಸು ಕಾರಿನಡಿ ಮಲಗಿ ಅವರೇ ಕೂಡಿಸಿದರು. ಈ ಸಲ ಕಾರು ಮೆಲ್ಲಗೆ ಹೊರಟಿತು, ಆಮೇಲೆ ಎಲ್ಲೂ ತಡೆಯಲಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೊನೆಯ ಗೇರಿಗೆ ಬಿದ್ದು ಇನ್ನೂ ಎಳೆಯುತ್ತಿರುವಾಗಲೇ ಗೆರೆ ದಾಟಿದೆ. 12.5. ಹೆಲ್ಮೆಟ್ ತೆಗೆಯುವಷ್ಟರಲ್ಲಿ ಅಬ್ಬಾ ಕಿಟಕಿಗೆ ಬಂದಿದ್ದರು.

"ಇನ್ನೊಮ್ಮೆ ಬಿಡು, ನೋಡೂಣು."

ಒಂದಲ್ಲ, ನಾಲ್ಕು ಸಲ ನನ್ನಿಂದ ಓಡಿಸಿದರು.

ಊಟಕ್ಕೆ ಕೂತಾಗ ಅಮ್ಮಿ ಕೇಳಿದಳು, "ಕಡೀಕ ಯಾರ ಮಾತು ಖರೇ ಆತು?"

ಅಬ್ಬಾ ರೊಟ್ಟಿ ಮುರಿಯುತ್ತ, "ಇಬ್ಬರೂ ಕೂಡಿ ಆರಿಸಿದ್ವಿ," ಎಂದರು.

ಇಬ್ಬರೂ ಕೂಡಿ! ಇರಲಿ. ಸ್ಟೇರಿಂಗ್ ಹಿಡಿದು ಭುಜ ನೋಯುತ್ತಿದೆ, ನಗುವೂ ನಿಲ್ಲುತ್ತಿಲ್ಲ, ಇನ್ನು ಬರೆಯಲು ಆಗದು.