ಕೃತ್ತಿಕೆಯ ಸುತ್ತಲಿನ ಮಂಜು

ಕಲ್ಮೇಶಣ್ಣಾ,

ನೀನು ತೀರಿಕೊಂಡ ಮೇಲೆ ಸಿಂದಗಿ ಬಸ್‌ಸ್ಟ್ಯಾಂಡಿಗೆ ಹಳದಿ ದೀಪಗಳು ಬಂದಿವೆ. ಆಕಾಶದ ಫೋಟೋ ತೆಗೆದರೆ ಎಲ್ಲ ಬೂದಿ ಬೂದಿ. ಅದಕ್ಕೇ ಆ ಹಳದಿ ಬೆಳಕನ್ನು ತಡೆಯಲೆಂದು, ನೀನು ಬೇಡವೆಂದಿದ್ದ, ಲೆನ್ಸಿಗೆ ಹಾಕುವ ಗಾಢ ಕೆಂಪು ಗಾಜಿನ ಫಿಲ್ಟರನ್ನೇ ಕೊಂಡೆ.

ಇವತ್ತು ನಮ್ಮ ಸ್ಟುಡಿಯೊದಲ್ಲಿ ಕಪ್ಪು-ಬಿಳುಪು ಪ್ರಿಂಟ್ ತೊಳೆದೆ. ಆಕಾಶ ಕಪ್ಪಗಿದೆ. ನಾನು ಹಟ ಹಿಡಿದು ಹುಡುಕುತ್ತಿದ್ದ, ಬರಿಗಣ್ಣಿಗೆ ಕಾಣದ, ನಕ್ಷತ್ರಗಳ ನಡುವಿನ ಆ ಕೆಂಪು ಮೋಡ ಕೃತ್ತಿಕೆಯ ನಕ್ಷತ್ರಪುಂಜದ ಪಕ್ಕದಲ್ಲಿ ಬೆಳ್ಳಗೆ ಮೂಡಿದೆ.

ಅವ್ವ ನೋಡಿದಳು. "ಛಲೋ ಬಂದೈತಿ. ಕೃತ್ತಿಕಾ ಸುತ್ತ ಮಂಜಿನಂಥಾದ್ದು ಇರ್ತಿತ್ತಲ್ಲ, ಅದೆಲ್ಲಿ ಹೋತು?"

ನಿನ್ನ ಫೋಟೋಗಳಲ್ಲೆಲ್ಲ ಅದಿತ್ತು. ಆ ಮಂಜಿನ ಬೆಳಕು ನೀಲಿ. ಕೆಂಪು ಗಾಜು ಅದನ್ನು ಒಳಗೆ ಬಿಡುವುದಿಲ್ಲ. "ಮೋಡ ಸಿಗತೈತಿ, ಮಂಜು ಹೋಗತೈತಿ. ಯಾವದು ಬೇಕು ನೀನ ನೋಡ್ಕೋ" ಅಂದಿದ್ದೆ ನೀನು.

ಈಗಷ್ಟೇ ಫಿಲ್ಟರ್ ಬಿಚ್ಚಿ ಡಬ್ಬಿಯಲ್ಲಿಟ್ಟೆ. ಬರುವ ಅಮಾವಾಸ್ಯೆಗೆ ಫಿಲ್ಟರಿಲ್ಲದೆ, ಮಂಜಿನ ಸಮೇತ ಕೃತ್ತಿಕೆಯದೇ ಫೋಟೋ ತೆಗೆಯುತ್ತೇನೆ. ಬಸ್‌ಸ್ಟ್ಯಾಂಡಿನ ಬೆಳಕು ಬಿದ್ದರೆ ಬೀಳಲಿ.