ಒಣ ಚೆಂಡು

ಜುಲೈ 8, 1963, ಸೋಮವಾರ
ಬೆಳಿಗ್ಗೆ ಮತ್ತೆ ಉಪ್ಪಿಟ್ಟು. ಕೆಮಿಸ್ಟ್ರಿ ಕ್ಲಾಸಿನಲ್ಲಿ ಹೆಸರು ಕೂಗಿದಾಗ 'ಪ್ರೆಸೆಂಟ್ ಸರ್' ಎನ್ನುವ ಬದಲು 'ಬಂದಿದೀನಿ ಸರ್' ಅಂದುಬಿಟ್ಟೆ. ಎಲ್ಲರೂ ನಕ್ಕರು. ಸಂಜೆ ಆಟದ ಕೋರ್ಟಿಗೆ ಹೋದ ಮೇಲೆ ಸರಿಹೋಯಿತು.

ಬಾಲ್ ಬ್ಯಾಡ್ಮಿಂಟನ್ ಕಲಿಸಲು ಗಂಗುಲಪ್ಪನವರು ದಿನಾ ಬರುತ್ತಾರೆ. ನಮ್ಮ ಹಾಸ್ಟೆಲ್ಲಿನ ಹಳೆಯ ವಿದ್ಯಾರ್ಥಿ, ಈಗ ಚಿಂತಾಮಣಿ ಬಸ್ ಸ್ಟ್ಯಾಂಡಿನ ಬುಕಿಂಗ್ ಆಫೀಸಿನಲ್ಲಿ ಕೆಲಸ. ಅವರದೊಂದು ಪದ್ಧತಿ ಇದೆ. ಸರ್ವ್ ಮಾಡುವ ಮುಂಚೆ ಹಳದಿ ಉಣ್ಣೆ ಚೆಂಡನ್ನು ಎದುರು ಪಾರ್ಟಿಗೆ ಎಸೆದು, "ಮುಟ್ಟಿ ನೋಡ್ಕೊಳ್ರಪ್ಪ" ಎನ್ನುತ್ತಾರೆ. ಅವರು ಮುಟ್ಟಿ ವಾಪಸ್ ಕೊಟ್ಟ ಮೇಲೆಯೇ ಸರ್ವಿಸ್. ಎಷ್ಟು ಬೆವರಿದರೂ ಹೆಗಲ ಮೇಲೆ ಟವೆಲ್ ಇಲ್ಲ, ತೋಳಿನಿಂದಲೇ ಒರೆಸಿಕೊಳ್ಳುತ್ತಾರೆ. ಸ್ಟೈಲ್ ಅಂದುಕೊಂಡು ಫಸ್ಟ್ ಇಯರಿನವರೆಲ್ಲ ಕಾಪಿ ಹೊಡೆಯುತ್ತಿದ್ದೇವೆ.

ಜುಲೈ 9
ನಿನ್ನೆ ಒಂದು ವಿಷಯ ಬರೆಯಲಿಲ್ಲ. ಹಾಸ್ಟೆಲ್ಲಿಗೆ ಸೇರಿದ ಮೊದಲ ವಾರವೇ ಟ್ರಂಕ್ ಹೊತ್ತುಕೊಂಡು ಬುಕಿಂಗ್ ಆಫೀಸಿಗೆ ಹೋಗಿದ್ದೆ. ನಮ್ಮೂರು ಮಂಚೇನಹಳ್ಳಿಗೆ ಹೊರಟೇಬಿಡುವುದು, ಓದು ಸಾಕು ಅಂತ. ಕಿಟಕಿಯೊಳಗಿಂದ ಗಂಗುಲಪ್ಪನವರೇ ನೋಡಿದರು.
"ಏಮಪ್ಪಾ, ಅಳ್ತಿದೀಯಾ?"
"ಇಲ್ಲ ಸರ್. ಧೂಳು."
"ಬಸ್ ಫುಲ್ ಆಗ್ಬಿಟ್ಟದೆ ಕಣಪ್ಪ. ನಾಳೆ ಬಾ. ಸಂಜೆ ಸುಮ್ನೆ ಕೂತ್ಕೊಂಡು ಏನ್ ಮಾಡ್ತೀಯ, ಕೋರ್ಟ್ ಹತ್ರ ಬಾ."
ಬಸ್ಸು ನನ್ನ ಮುಂದೆಯೇ ಹೊರಟಿತು. ಒಳಗೆ ನಾಲ್ಕೈದು ಜನ, ಮಿಕ್ಕ ಸೀಟೆಲ್ಲ ಖಾಲಿ. ಆ ಸುಳ್ಳಿಲ್ಲದಿದ್ದರೆ ನಾನು ಇವತ್ತು ಇಲ್ಲಿರುತ್ತಿರಲಿಲ್ಲ.

ಆಗಸ್ಟ್ 3, ಶನಿವಾರ
ವರಾಂಡದಲ್ಲಿ ಹೊಸ ಬೋರ್ಡು ನಿಂತಿದೆ. ಕಪ್ಪು ಪಾಲಿಶ್, ಮೇಲೆ ಚಿನ್ನದ ಬಣ್ಣದಲ್ಲಿ 'ನಮ್ಮ ಹೆಮ್ಮೆಯ ಆಟಗಾರರು'. ಕೆಳಗೆ ಖಾಲಿ. 25ಕ್ಕೆ ಮೀಟಿಂಗ್. ಯಾರು ಬೇಕಾದರೂ ಹೆಸರು ಹೇಳಬಹುದು, ಆದರೆ ಎದ್ದು ನಿಂತು ಕಾರಣ ಕೊಡಬೇಕು. ಆಮೇಲೆ ಕೈ ಎತ್ತುವುದು.

ಊಟದಲ್ಲಿ ನಾನು, "ಮೊದಲ ಹೆಸರು ಗಂಗುಲಪ್ಪನವರದೇ ಅಲ್ವಾ?" ಅಂದೆ. ಸೀನಿಯರ್‌ಗಳು ಸಾರು ಕಲಸುವುದನ್ನು ನಿಲ್ಲಿಸಿದರು. ಸ್ಪೋರ್ಟ್ಸ್ ಸೆಕ್ರೆಟರಿ ಚನ್ನಕೇಶವ ಹೇಳಿದ—
"ಅದೊಂದು ಹೆಸರು ಬೇಡ. ಐವತ್ತಾರರ ಫೈನಲ್‌ನಲ್ಲಿ ಒದ್ದೆ ಟವೆಲಿಗೆ ಚೆಂಡು ಒತ್ತಿ ಒತ್ತಿ ಸರ್ವ್ ಮಾಡಿದ್ರು. ನೆಂದ ಉಣ್ಣೆ, ಭಾರ. ಗೌರಿಬಿದನೂರಿನವರು ಹೊಡೆದಿದ್ದೆಲ್ಲ ನೆಟ್ಟಿಗೆ. ಕಪ್ ನಮಗೆ ಬಂತು, ಮಾನ ಹೋಯ್ತು."
"ಸುಳ್ಳಿರಬಹುದು."
"ಅವ್ರನ್ನೇ ಕೇಳು. ಇಲ್ಲ ಅನ್ನಲ್ಲ."

ಅನ್ನ ಸೇರಲಿಲ್ಲ. ಮುಟ್ಟಿ ನೋಡ್ಕೊಳ್ರಪ್ಪ... ಸ್ಟೈಲ್ ಅಂದುಕೊಂಡಿದ್ದೆವು.

ಆಗಸ್ಟ್ 5
ಕೇಳಲಿಲ್ಲ. ಪ್ರಾಕ್ಟೀಸಿಗೂ ಹೋಗಲಿಲ್ಲ. ತಲೆನೋವು ಅಂತ ಹೇಳಿ ಕಳಿಸಿದೆ. ಅವರು ಒಂದು ಅಮೃತಾಂಜನ ಡಬ್ಬಿ ಕೊಟ್ಟು ಕಳಿಸಿದ್ದಾರೆ.

ಆಗಸ್ಟ್ 16, ಶುಕ್ರವಾರ. ಮಂಚೇನಹಳ್ಳಿ
ಇಂಡಿಪೆಂಡೆನ್ಸ್ ಡೇಗೆ ಊರಿಗೆ ಬಂದವನು ಇವತ್ತು ಗೌರಿಬಿದನೂರಿಗೆ ಹೋಗಿಬಂದೆ. ಆ ಫೈನಲ್‌ನಲ್ಲಿ ಸೋತ ಕ್ಯಾಪ್ಟನ್ ಬಯ್ಯಪ್ಪನವರದು ಅಲ್ಲಿ ಸೈಕಲ್ ಶಾಪ್. ಟ್ಯೂಬನ್ನು ನೀರಿಗೆ ಅದ್ದಿ ತೂತು ಹುಡುಕುತ್ತಿದ್ದರು. ವಿಷಯ ಹೇಳಿದೆ. ನಗು ಬಂತು ಅವರಿಗೆ.

"ಚೆಂಡು ಹೊಡೆದ್ರೆ ಮುಖಕ್ಕೆ ನೀರು ಹಾರ್ತಿತ್ತು ಕಣಪ್ಪ! ಅಂಪೈರು ಇಬ್ಬನಿ ಅಂದ. ಮಟಮಟ ಮಧ್ಯಾಹ್ನ ಎಲ್ಲಿಂದ ಬರ್ತದೆ ಇಬ್ಬನಿ?"
"ಹಾಗಾದ್ರೆ ಹೆಸರು ಬೇಡ ಅಂತೀರಾ, ಸರ್?"
"ಬೇಡ ಅಂದ್ನಾ ನಾನು? ಹಿಂದಿನ ವರ್ಷ ಒಣ ಚೆಂಡಲ್ಲೇ ನಮ್ಮನ್ನ ಬಡಿದು ಹಾಕಿದ್ದ. ಅಂಥ ಎಡಗೈ ಈ ಕಡೆ ಇನ್ನೊಂದು ನೋಡಿಲ್ಲ. ಅದೂ ನಿಜಾನೇ ತಾನೆ? ಹೆಸರು ಬರೀರಿ. ಆ ಕಪ್ ಗೆದ್ದ ಅಂತ ಮಾತ್ರ ಬರೀಬೇಡಿ. ಅದು ನಮ್ಮದು."
ಟ್ಯೂಬ್ ಒರೆಸುತ್ತಾ ಕೇಳಿದರು, "ಈಗ್ಲೂ ಆಡ್ತಾನಾ?"
ಚೆಂಡು ಮುಟ್ಟಿಸುವುದನ್ನು ಹೇಳಿದೆ. ಒರೆಸುವ ಕೈ ನಿಂತಿತು. ಆಮೇಲೆ ಟೀ ತರಿಸಿದರು.

ಆಗಸ್ಟ್ 24
ನಾಳೆ ಮೀಟಿಂಗ್. ಇಂಗ್ಲಿಷಿನಲ್ಲಿ ಸ್ಪೀಚ್ ಬರೆದು ಉರು ಹೊಡೆದೆ. ನಾನು ಏಳದಿದ್ದರೆ ಅವರ ಹೆಸರು ಯಾರೂ ಹೇಳುವುದಿಲ್ಲ.

ಆಗಸ್ಟ್ 25, ಭಾನುವಾರ
ಎದ್ದೆ. ಹೆಸರು ಹೇಳಿದೆ. ಇಂಗ್ಲಿಷು ಪೂರ್ತಿ ಮರೆತುಹೋಯಿತು. ಕಣ್ಣೊರೆಸಿಕೊಂಡೆ. ಹಿಂದಿನಿಂದ ಯಾರೋ "ಧೂಳಾ?" ಅಂದರು; ಅವತ್ತು ಬುಕಿಂಗ್ ಕಿಟಕಿಯ ಹತ್ತಿರ ಇದ್ದವನಿರಬೇಕು. ನಗು.

ಆಮೇಲೆ ಬಾಯಿಗೆ ಬಂದಿದ್ದು ಬಂದ ಹಾಗೆ. ತಪ್ಪು ಮಾಡಿದ್ದು ನಿಜ ಅಂದೆ. ಬಯ್ಯಪ್ಪನವರು ಹೇಳಿದ್ದು ಹೇಳಿದೆ. ಖಾಲಿ ಬಸ್ಸಿನ ಕಥೆ ಹೇಳಿದೆ. ಕೊನೆಗೆ, "ನಮಗೆ ಚೆಂಡು ಮುಟ್ಟಿಸಿಯೇ ಆಡಬೇಕು ಅಂತ ಕಲಿಸಿದ್ದು ಅವರೇ ಅಲ್ಲವಾ?" ಅಂದು ಕೂತುಬಿಟ್ಟೆ.

ಚನ್ನಕೇಶವ ಎದ್ದ. "ಬೋರ್ಡು ನೋಡೋ ಹುಡುಗರಿಗೆ ನಾಳೆ ಏನಂತ ಹೇಳ್ತೀಯೋ?"
"ಎರಡನ್ನೂ ಹೇಳ್ತೀನಿ."
ಚನ್ನಕೇಶವ, "ಐವತ್ತಾರು ಬೇಡ. ಐವತ್ತೈದು ಸಾಕು" ಎಂದು ತಾನೇ ಮೊದಲು ಕೈ ಎತ್ತಿದ. ನಾಲ್ಕು ಜನ ಎತ್ತಲಿಲ್ಲ. ಅವರ ಮೇಲೆ ಕೋಪವಿಲ್ಲ.

ಸೆಪ್ಟೆಂಬರ್ 2, ಸೋಮವಾರ
ಪೇಂಟರ್ ಬರೆದು ಹೋದ. ಸಂಜೆ ಗಂಗುಲಪ್ಪನವರು ಬೋರ್ಡಿನ ಮುಂದೆ ನಿಂತರು. 1955 ಮಾತ್ರ ಇರುವುದನ್ನು ನೋಡಿದರು. ತಲೆ ಆಡಿಸಿದರು. "ಯಾರಪ್ಪ ಹೇಳಿದ್ದು?" ಎಲ್ಲರೂ ನನ್ನ ಕಡೆ ಕೈ ತೋರಿಸಿದರು.
"ಬಸ್ ಖಾಲಿ ಇತ್ತು ಅಂತಾನೂ ಹೇಳ್ಬಿಟ್ಯಾ ಚಲಪತಿ?"
"ಹೇಳ್ದೆ ಸರ್."
"ಹಾಳಾಯ್ತು ಹೋಗು. ಇನ್ಮೇಲೆ ಬುಕಿಂಗ್ ಆಫೀಸಲ್ಲಿ ನನ್ನ ಮಾತು ಯಾರು ನಂಬ್ತಾರೋ?"
ನಕ್ಕರು. ನಗುತ್ತಲೇ ಆ ಕಡೆ ತಿರುಗಿ ತೋಳಿನಿಂದ ಮುಖ ಒರೆಸಿಕೊಂಡರು. ಇನ್ನೂ ಆಟ ಶುರುವಾಗಿರಲಿಲ್ಲ, ಬೆವರೂ ಇರಲಿಲ್ಲ.

ಸೆಪ್ಟೆಂಬರ್ 8, ಭಾನುವಾರ, ಬೆಳಿಗ್ಗೆ 8
ಇವತ್ತು ಗೌರಿಬಿದನೂರಿನ ಟೀಮ್ ಬರುತ್ತದೆ. ಜೊತೆಗೆ ಬಯ್ಯಪ್ಪನವರೂ ಬರುತ್ತಾರಂತೆ. ಅವರಿಗಾಗಿ ಗಂಗುಲಪ್ಪನವರು ಆಗಲೇ ಬಸ್ ಸ್ಟ್ಯಾಂಡಿಗೆ ಹೋಗಿದ್ದಾರೆ. ಫಸ್ಟ್ ಸರ್ವಿಸ್ ನನ್ನದು. ಚೆಂಡು ಕಿಟಕಿಯ ಬಿಸಿಲಿನಲ್ಲಿಟ್ಟಿದ್ದೇನೆ. ಮುಟ್ಟಿ ನೋಡಿದೆ. ಬೆಚ್ಚಗಿದೆ. ಚನ್ನಕೇಶವ ಕೆಳಗಿಂದ ಕೂಗುತ್ತಿದ್ದಾನೆ— ಬಸ್ಸು ಬಂತಂತೆ. ಇನ್ನೊಂದು ಸಲ ಮುಟ್ಟಿ ನೋಡಿ—