ಕೈ ಎತ್ತುವ ನಿಯಮ

ಶಾಲೆಯ ಆಟದ ಸಾಮಾನಿನ ಕೋಣೆ,
ಬುಧವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಕಾಲೇಜಿನಿಂದ ಬಂದವಳೇ ಮೊಬೈಲ್ ಹಿಡಿದು ಬಿದ್ದುಕೊಳ್ಳುತ್ತೀಯೋ, ಚಿಕ್ಕಮ್ಮನ ಕೆಲಸಕ್ಕೆ ಒಂದಿಷ್ಟು ಕೈಜೋಡಿಸುತ್ತೀಯೋ? ಮೊಣಕಾಲು ಹೇಗಿದೆ? ಇಷ್ಟು ಬರೆದು ಎದ್ದು ಹೋಗಿ ಆರೂ ವಾಲಿಬಾಲ್ ಚೆಂಡುಗಳಿಗೆ ಗಾಳಿ ತುಂಬಿಸಿ ಬಂದೆ. ಅದರಲ್ಲಿ ನಾಲ್ಕಕ್ಕೆ ಬೆಳಿಗ್ಗೆಯೇ ತುಂಬಿಸಿದ್ದೆ. ನಿನ್ನೆ ಸಂಜೆಯಿಂದ ನಾನು ಹೀಗೇ, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೇನೆ. ಫೋನ್ ಇರುವಾಗ ಈ ಅಮ್ಮನಿಗೆ ಕಾಗದ ಬರೆಯುವ ಹುಚ್ಚೇಕೆ ಅಂತ ನಗಬೇಡ. ನಿನ್ನೆ ಸಂಜೆ ಎರಡು ಸಲ ಫೋನ್ ಮಾಡಿದೆನಲ್ಲ, ಮೊದಲ ಸಲ ಬಟ್ಟೆ ಸೋಪು ಮುಗಿದಿದೆಯಾ ಅಂತ ಕೇಳಿದೆ, ಎರಡನೇ ಸಲ ಕೊಡೆ ಇದೆಯಾ ಅಂತ ಕೇಳಿದೆ. ಹೇಳಬೇಕಾಗಿದ್ದ ಮಾತೇ ಬೇರೆ. ಮೈದಾನದ ಆ ತುದಿಗೆ ಕೇಳುವ ಹಾಗೆ ಕೂಗುವವಳು ನಾನು, ಫೋನಿನಲ್ಲಿ ಬರೀ ಸೋಪು, ಕೊಡೆ.

ನಿಮ್ಮಪ್ಪ ಚೆನ್ನಾಗಿದ್ದಾರೆ. ಅಂಗಡಿಯಲ್ಲಿ ಹೊಲಿಗೆ ಕೆಲಸ ಕೈತುಂಬ ಇದೆ. ಈ ವರ್ಷ ಟೀಮಿನ ಚಡ್ಡಿಗಳನ್ನೂ ಅವರೇ ಹೊಲಿದುಕೊಟ್ಟರು. ಹುಡುಗಿಯರನ್ನು ಅಂಗಡಿಗೆ ಕಳಿಸು, ಅಳತೆ ತೆಗೀತೀನಿ ಅಂದರು. ಪ್ರಾಕ್ಟೀಸ್ ಕೆಡುತ್ತದೆ ಅಂತ ನಾನೇ ಕಣ್ಣಳತೆಯಲ್ಲಿ ಬರೆದುಕೊಟ್ಟೆ. ಹನ್ನೆರಡರಲ್ಲಿ ನಾಲ್ಕು ಲಂಗದ ಹಾಗೆ ಬಂದಿವೆ. ತಪ್ಪು ಕತ್ತರಿಯದೋ ಕಣ್ಣಿನದೋ ಅಂತ ಮನೆಯಲ್ಲಿ ವಾರದಿಂದ ವಾದ ನಡೆದಿದೆ. ನಿಮ್ಮಪ್ಪ ನನ್ನ ಕೈಬರಹದ ಚೀಟಿಯನ್ನು ಗೋಡೆಗೆ ಅಂಟಿಸಿಟ್ಟಿದ್ದಾರೆ. ನಾನು ಆ ಗೋಡೆಯ ಕಡೆ ನೋಡುವುದಿಲ್ಲ.

ಟೀಮು ಈ ಸಲ ಹೊಸದು. ನಿನ್ನ ಜೊತೆ ಆಡಿದವರಲ್ಲಿ ಉಳಿದವರು ಮೂರೇ ಜನ. ನಿನ್ನ ಜಾಗದಲ್ಲಿ ಈಗ ಕಡ್ಡಿ ನಿಲ್ಲುತ್ತಾಳೆ, ಗಾಳಿ ಬಂದರೆ ಹಾರಿಹೋಗುತ್ತಾಳೆ ಅಂತ ನೀವೆಲ್ಲ ರೇಗಿಸುತ್ತಿದ್ದಿರಲ್ಲ, ಅವಳೇ. ಸ್ಮ್ಯಾಶ್ ಮಾಡುವವಳಿಗೆ ಚೆಂಡನ್ನು ಎತ್ತಿಕೊಡುವ ಕೆಲಸ ಒಂಥರ ಅಡುಗೆ ಕೆಲಸದಂತೆ, ರುಚಿಯಾದರೆ ಬಡಿಸಿದವಳಿಗೆ ಹೊಗಳಿಕೆ, ಕೆಟ್ಟರೆ ಮಾಡಿದವಳಿಗೆ ಬೈಗುಳ. ನೀನು ಅದನ್ನು ಮೂರು ವರ್ಷ ನಗುನಗುತ್ತಾ ಮಾಡಿದೆ. ಕಡ್ಡಿ ಪಾಪ ಹಲ್ಲು ಕಚ್ಚಿ ಮಾಡುತ್ತಾಳೆ. ಎಂಟನೇ ಕ್ಲಾಸಿನಿಂದ ಒಂದು ಪುಟಾಣಿ ಬಂದಿದೆ, ಎಲ್ಲರೂ ಸಾಸಿವೆ ಅನ್ನುತ್ತಾರೆ. ನೆಟ್‌ನ ಅರ್ಧಕ್ಕೂ ಬರುವುದಿಲ್ಲ, ಮಾತು ಮಾತ್ರ ನೆಟ್ ದಾಟಿ ಆಚೆ ಬೀಳುತ್ತದೆ.

ಹೊಸಬರಿಗೆ ಮೊದಲ ದಿನವೇ ನಮ್ಮ ನಿಯಮ ಹೇಳಿಕೊಟ್ಟೆ. ಪಾಯಿಂಟ್ ಹೋದರೆ ಯಾರಿಂದ ಹೋಯಿತೋ ಅವಳು ತಕ್ಷಣ ಕೈ ಎತ್ತಬೇಕು. ನೆಪ ಹೇಳುವಂತಿಲ್ಲ, ಪಕ್ಕದವಳ ಮುಖ ನೋಡುವಂತಿಲ್ಲ. ಕೈ ಎತ್ತಿದವಳನ್ನು ಯಾರೂ ಬೈಯುವಂತಿಲ್ಲ. ಅಲ್ಲಿಗೆ ಆ ವಿಷಯ ಮುಗಿಯಿತು, ಮುಂದಿನ ಸರ್ವ್. ಹತ್ತೊಂಬತ್ತು ವರ್ಷ ಈ ಹೆಣ್ಣುಮಕ್ಕಳ ಬೆನ್ನು ಹತ್ತಿ ನಾನು ಕಲಿತದ್ದು ಇಷ್ಟೇ ಕಣೇ. ಸೋತದ್ದಕ್ಕೆ ಟೀಮು ಒಡೆದದ್ದನ್ನು ನಾನು ನೋಡಿಲ್ಲ. ಕೈ ಎತ್ತದೆ ನಿಂತವಳಿಂದ ಒಡೆದದ್ದನ್ನು ಎರಡು ಸಲ ನೋಡಿದ್ದೇನೆ. ಸಭೆಗಳಲ್ಲಿ ಇದನ್ನೇ ದೊಡ್ಡದಾಗಿ ಭಾಷಣ ಬಿಗಿದಿದ್ದೇನೆ, ಚಪ್ಪಾಳೆಯೂ ಬಿದ್ದಿದೆ.

ನಿನ್ನೆ ಪಕ್ಕದ ಶಾಲೆಯವರ ಜೊತೆ ಒಂದು ಸ್ನೇಹಪಂದ್ಯ ಇತ್ತು. ಕೊನೆಯ ಸರ್ವ್ ಕಡ್ಡಿಯದು. ನಾನು ಪಕ್ಕದಿಂದ, ಚಿಕ್ಕದಾಗಿ ಹಾಕು, ನೆಟ್ ಹತ್ತಿರ ಹಾಕು ಅಂತ ಕೂಗಿದೆ. ಅವಳು ಹಾಗೇ ಹಾಕಿದಳು. ಚೆಂಡು ನೆಟ್‌ಗೆ ಹೊಡೆದು ನಮ್ಮ ಕಡೆಯೇ ಬಿತ್ತು, ಪಂದ್ಯ ಹೋಯಿತು. ಕಡ್ಡಿ ಕೈ ಎತ್ತಿದಳು. ನಾನು ದೊಡ್ಡ ಮನಸ್ಸಿನವಳ ಹಾಗೆ ತಲೆಯಾಡಿಸಿದೆ. ಆಗ ಈ ಸಾಸಿವೆ ಬಂದು ನನ್ನ ಮುಂದೆ ನಿಂತು, "ಮಿಸ್, ಚಿಕ್ಕದಾಗಿ ಹಾಕು ಅಂದಿದ್ದು ನೀವಲ್ವಾ? ಅಕ್ಕ ಯಾಕೆ ಕೈ ಎತ್ತಿದ್ರು?" ಅಂತ ಕೇಳಿತು. ಅಧಿಕಪ್ರಸಂಗಕ್ಕಲ್ಲ, ಅದಕ್ಕೆ ನಿಜವಾಗಿ ಗೊತ್ತಾಗಬೇಕಿತ್ತು. ನಾನು ಸೀಟಿ ಊದಿ ಹತ್ತು ಸುತ್ತು ಓಡಿ ಅಂದೆ. ಓಡಿದರು ಪಾಪ. ಆರನೇ ಸುತ್ತಿಗೆ ನಾನೇ ಸಾಕು ಅಂದೆ. ಕೈ ಮಾತ್ರ ಎತ್ತಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಎತ್ತಿಲ್ಲ ಅಂತ ಆಗ ಹೊಳೆಯಿತು.

ಮನೆಗೆ ಬಂದು ಶೂ ಬಿಚ್ಚುವಷ್ಟರಲ್ಲಿ ಚಿಕ್ಕಮ್ಮನ ಫೋನು. ಸೋಮವಾರ ನಾಲ್ಕು ಗಂಟೆಗೆ ನಿಮ್ಮ ಕಾಲೇಜ್ ಟೀಮಿನ ಆಯ್ಕೆಯಂತೆ. ನಿಮ್ಮ ಕೋಚ್ ಕ್ಲಾಸಿಗೇ ಬಂದು ನಿನ್ನನ್ನು ಕರೆದರಂತೆ. ನೀನು, "ಆಗಲ್ಲ ಸರ್, ನನ್ನ ಮೊಣಕಾಲು ತಡ್ಕೊಳಲ್ಲ" ಅಂದೆಯಂತೆ. ಚಿಕ್ಕಮ್ಮ ಕೇಳುತ್ತಾಳೆ, "ಏನಕ್ಕಾ ಇದು, ನಿನ್ನ ಮಗಳು ಬೆಳಗಾದ್ರೆ ಬಸ್ ಹಿಂದೆ ಓಡಿ ಹತ್ತುತ್ತಾಳೆ, ಚೆಂಡು ಅಂದ ತಕ್ಷಣ ಕಾಲು ಹಿಡ್ಕೊಂಡು ಕೂರ್ತಾಳೆ. ಅಷ್ಟು ನೋವಿದ್ಯಾ?" ನಾನು, ನೋಡೋಣ, ಕೇಳ್ತೀನಿ ಅಂತ ತೊದಲಿದೆ. ಆಮೇಲೆ ನಿನಗೆ ಫೋನ್ ಮಾಡಿ ಸೋಪಿನ ವಿಷಯ ಮಾತಾಡಿದೆ.

ಹೋದ ವರ್ಷದ ಫೈನಲ್ ಬೆಳಿಗ್ಗೆಯಿಂದ ಕಣ್ಣ ಮುಂದೆಯೇ ಇದೆ. ಮೂರನೇ ಸೆಟ್, ಹನ್ನೊಂದು ಹನ್ನೊಂದು. ನಾನು ನಿನ್ನನ್ನು ಆಚೆ ಕರೆದು ಕಡ್ಡಿಯನ್ನು ಒಳಗೆ ಕಳಿಸಿದೆ. ಮೊಣಕಾಲು ನೋಯ್ತಿದೆ ನಿಂಗೆ, ಕುಂಟ್ತಾ ಇದ್ದೀಯ ಅಂದೆ. "ಇಲ್ಲಮ್ಮಾ, ಏನೂ ಆಗಿಲ್ಲ" ಅಂದೆ ನೀನು. ಕೋರ್ಟಿನಲ್ಲಿ ಯಾವತ್ತೂ ಮಿಸ್ ಅನ್ನುವವಳು ಅವತ್ತು ಅಮ್ಮಾ ಅಂದೆ. ನಾನು ಬೆಂಚ್ ತೋರಿಸಿದೆ. ನಾಲ್ಕೇ ಪಾಯಿಂಟಿನಲ್ಲಿ ಎಲ್ಲ ಮುಗಿಯಿತು. ಯಾರಾದರೂ ಬಾಯಿ ಬಿಡುವ ಮೊದಲೇ ನೀನು ಬೆಂಚಿನಿಂದ ಎದ್ದು ಕೈ ಎತ್ತಿದೆ, ನನ್ನ ಕಾಲಿಂದ ಹೋಯ್ತು ಅಂದೆ. ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮಡಿಸಿ, ಬಿಡಿಸಿ, ಒತ್ತಿ ನೋಡಿ ಏನೂ ಕಾಣಿಸ್ತಿಲ್ಲ ಅಂದರು. ನಾನು ಬಿಡಲಿಲ್ಲ. ನನ್ನ ಕಾಟ ತಾಳಲಾರದೆ, ಸರಿ, ಒಂದಷ್ಟು ದಿನ ರೆಸ್ಟ್ ತಗೊಳ್ಲಿ ಅಂದರು. ಆರು ವಾರ ದಿನಾ ಬೆಳಿಗ್ಗೆ ನಿನ್ನ ಮೊಣಕಾಲಿಗೆ ನಾನೇ ಪಟ್ಟಿ ಸುತ್ತಿದೆ. ಆಮೇಲೆ ನೀನೇ ಸುತ್ತಿಕೊಳ್ಳತೊಡಗಿದೆ. ಶೂಗಳನ್ನು ಮಂಚದ ಕೆಳಗೆ ತಳ್ಳಿ ಹೋದೆಯಲ್ಲ, ಅವನ್ನು ನಿನ್ನೆ ತೆಗೆದು ತೊಳೆದೆ. ಇವತ್ತು ಬೆಳಿಗ್ಗೆ ಇನ್ನೊಂದು ಸಲ ತೊಳೆದೆ. ಬಣ್ಣ ಹೋಗುವವರೆಗೂ ತೊಳೀತೀಯಾ ಅಂತ ನಿಮ್ಮಪ್ಪ ಕೇಳಿದರು. ಅವರಿಗೂ ಏನೂ ಗೊತ್ತಿಲ್ಲ.

ಊಟದ ಬಿಡುವು ಮುಗಿಯುತ್ತಾ ಬಂತು. ಹೊರಗೆ ಸಾಸಿವೆ ಯಾರಿಗೋ ನೆಟ್ ಕಟ್ಟುವುದು ಹೇಗೆ ಅಂತ ಪಾಠ ಹೇಳುತ್ತಿದೆ, ಅದಕ್ಕೆ ಕೈ ಎಟುಕದಿದ್ದರೂ. ಶನಿವಾರ ಬೆಳಿಗ್ಗೆ ನಿಮ್ಮಪ್ಪ ಶೂಗಳನ್ನು ಬಸ್ಸಿಗೆ ಹಾಕಿಸುತ್ತಾರೆ, ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ಬಿಡಿಸಿಕೋ. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು, ಅವಳ ತಲೆ ತಿನ್ನಬೇಡ. ಎಲ್ಲಿದ್ದರೂ ಸುಖವಾಗಿರು, ನೂರು ಕಾಲ ಬಾಳು ಮಗಳೇ. ದಿನಕ್ಕೆ ಎಷ್ಟು ಸಲ ನೆನಪಾಗುತ್ತೀಯ ಅಂತ ಹೇಳಿದರೆ ನಿನಗೆ ಜಂಬ ಬರುತ್ತದೆ, ಅದಕ್ಕೇ ಹೇಳುವುದಿಲ್ಲ.

ಸದಾ ನಿನ್ನದೇ ಚಿಂತೆಯ
ಅಮ್ಮ

ತಾ.ಕ.: ಕವರು ಅಂಟಿಸಿ ಮತ್ತೆ ಹರಿದೆ. ಆಫೀಸಿನವರು ಟಪಾಲು ಒಯ್ಯಲು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನ ಮೊಣಕಾಲಿಗೆ ಅವತ್ತೂ ಏನೂ ಆಗಿರಲಿಲ್ಲ, ಇವತ್ತೂ ಏನೂ ಆಗಿಲ್ಲ. ನೀನು ಕುಂಟುತ್ತಿರಲಿಲ್ಲ. ನನ್ನ ಹಿಂದೆ ಕೂತಿದ್ದ ಯಾರೋ ಹೆಂಗಸು, "ಟೀಚರ್ ಮಗಳಲ್ವಾ, ಹೇಗಾಡಿದ್ರೂ ಆಚೆ ತೆಗೆಯಲ್ಲ" ಅಂದಳು. ಎರಡು ನಿಮಿಷದಲ್ಲಿ ನಿನ್ನನ್ನು ತೆಗೆದೆ. ನ್ಯಾಯವಂತೆ ಅನ್ನಿಸಿಕೊಳ್ಳುವ ಚಪಲ. ಅದನ್ನು ಹೇಳಲು ನಾಚಿಕೆಯಾಗಿ ಮೊಣಕಾಲಿನ ಕಥೆ ಕಟ್ಟಿದೆ, ಕಥೆ ನಿಲ್ಲಲಿ ಅಂತ ಚೆನ್ನಾಗಿದ್ದ ಕಾಲಿಗೆ ಆರು ವಾರ ಪಟ್ಟಿ ಕಟ್ಟಿದೆ. ಆ ಪಾಯಿಂಟ್ ನಿನ್ನಿಂದ ಹೋಗಲಿಲ್ಲ, ನನ್ನಿಂದ ಹೋಯಿತು. ಇವತ್ತು ಸಂಜೆ ಹುಡುಗಿಯರ ಮುಂದೆಯೂ ಹೇಳುತ್ತೇನೆ. ಈಗ ಬಲಗೈಯಲ್ಲಿ ಬರೆಯುತ್ತಿದ್ದೇನೆ, ಎಡಗೈ ಮೇಲಿದೆ. ಬಾಗಿಲಲ್ಲಿರುವವರು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಾರೆ. ಕೈ ಎತ್ತಿದವಳನ್ನು ಬೈಯಬಾರದು ಅನ್ನುವ ನಿಯಮ ನನಗೆ ಬೇಡ, ನೀನು ಎಷ್ಟು ಬೇಕಾದರೂ ಬೈ. ಆದರೆ ಪಟ್ಟಿ ಬಿಚ್ಚಿಟ್ಟು ಸೋಮವಾರ ನಾಲ್ಕು ಗಂಟೆಗೆ ಹೋಗಿ ಆಡು. ಮಂಗಳವಾರ ಬೈ.